ಮಧುಮೇಹಿಗಳಲ್ಲಿ ತುರ್ತು ಸ್ಥಿತಿ: ಆಸ್ಪತ್ರೆ ತಲುಪುವ ಮುನ್ನ ಗುರುತಿಸುವಿಕೆ ಮತ್ತು ಪ್ರಥಮ ಚಿಕಿತ್ಸೆ

ಪೀಠಿಕೆ

ಜನಸಾಮಾನ್ಯರು ಸಕ್ಕರೆ ಕಾಯಿಲೆಯೆಂದು ಕರೆಯುವ ಮಧುಮೇಹವು ನಗರ, ಗ್ರಾಮಗಳೆಂಬ ಭೇದವಿಲ್ಲದೆ ವ್ಯಾಪಿಸಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಯೋಗದಲ್ಲಿ ನಡೆದು 2023ರಲ್ಲಿ ಪ್ರಕಟಗೊಂಡ ರಾಷ್ಟ್ರವ್ಯಾಪಿ ಸಮೀಕ್ಷೆಯು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿರುವರೆಂದು ಅಂದಾಜು ಮಾಡಿದೆ.

ಮಧುಮೇಹವು ಸಾಮಾನ್ಯವಾಗಿ ವರ್ಷಾನುಗಟ್ಟಲೆ ನಿಧಾನವಾಗಿ ದೇಹವನ್ನು ಬಾಧಿಸುವ ಕಾಯಿಲೆ. ಆದರೆ ರಕ್ತದಲ್ಲಿನ ಸಕ್ಕರೆಯ ಅಂಶವು ಇದ್ದಕ್ಕಿದ್ದಂತೆ ಕುಸಿದಾಗ ಅಥವಾ ವಿಪರೀತವಾಗಿ ಏರಿದಾಗ ರೋಗಿಯ ಪ್ರಾಣಕ್ಕೆ ಅಪಾಯ ಒದಗುತ್ತದೆ. ಇಂತಹ ಸ್ಥಿತಿಯು ಮನೆ, ಹೊಲ, ಬಸ್ಸು, ಕಚೇರಿ, ಕಲ್ಯಾಣ ಮಂಟಪ ಎಲ್ಲಿಯಾದರೂ ಉಂಟಾಗಬಹುದು. ಆಗ ಹತ್ತಿರದಲ್ಲಿರುವವರು ವೈದ್ಯರಲ್ಲ. ಮನೆಯವರು, ನೆರೆಹೊರೆಯವರು, ಸಹಪ್ರಯಾಣಿಕರು. ಆಂಬ್ಯುಲೆನ್ಸ್ ಬರುವವರೆಗಿನ ಅವಧಿಯಲ್ಲಿ ಅವರು ಕೈಗೊಳ್ಳುವ ಕ್ರಮವು ಅನೇಕ ವೇಳೆ ರೋಗಿಯ ಅಳಿವು ಉಳಿವನ್ನು ನಿರ್ಧರಿಸುತ್ತದೆ.

"ಸಕ್ಕರೆ ಕಾಯಿಲೆ ಇರುವವರಿಗೆ ಸಕ್ಕರೆ ಕೊಡಬಾರದು" ಎಂಬ ತಿಳಿವಳಿಕೆಯು ದಿನನಿತ್ಯದ ಆಹಾರಕ್ರಮದ ಮಟ್ಟಿಗೆ ಸರಿಯಾದುದು. ಆದರೆ ರಕ್ತದ ಸಕ್ಕರೆ ಕುಸಿದಿರುವ ಹೊತ್ತಿನಲ್ಲಿ ಇದೇ ತಿಳಿವಳಿಕೆಯು ಪ್ರಾಣಹಾನಿಗೆ ಕಾರಣವಾಗಬಲ್ಲದು. ಆ ಹೊತ್ತಿನಲ್ಲಿ ಸಕ್ಕರೆಯೇ ಔಷಧ. ಈ ಒಂದು ಅಂಶವನ್ನು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕೆಂಬುದು ಈ ಮಾಹಿತಿಯ ಮುಖ್ಯ ಉದ್ದೇಶವಾಗಿರುತ್ತದೆ.

1. ತುರ್ತು ಸ್ಥಿತಿ ಏಕೆ ಉಂಟಾಗುತ್ತದೆ?

ನಾವು ಸೇವಿಸುವ ಆಹಾರವು ಗ್ಲೂಕೋಸ್ ಆಗಿ ಪರಿವರ್ತನೆಗೊಂಡು ರಕ್ತಕ್ಕೆ ಸೇರುತ್ತದೆ. ಮೇದೋಜೀರಕ ಗ್ರಂಥಿಯಲ್ಲಿ ಉತ್ಪತ್ತಿಯಾಗುವ ಇನ್ಸುಲಿನ್ ಎಂಬ ಹಾರ್ಮೋನು ಈ ಗ್ಲೂಕೋಸನ್ನು ಜೀವಕೋಶಗಳೊಳಕ್ಕೆ ಸೇರಿಸುತ್ತದೆ. ಆರೋಗ್ಯವಂತರಲ್ಲಿ ಈ ಜಮಾ ಖರ್ಚು ತಾನಾಗಿಯೇ ಸರಿದೂಗುತ್ತದೆ. ಮಧುಮೇಹಿಗಳಲ್ಲಿ ಆಹಾರ, ಔಷಧ ಮತ್ತು ದೈಹಿಕ ಶ್ರಮ ಈ ಮೂರನ್ನೂ ಲೆಕ್ಕವಿಟ್ಟು ಸರಿದೂಗಿಸಬೇಕಾಗುತ್ತದೆ.

ಔಷಧದ ಪ್ರಮಾಣಕ್ಕೆ ತಕ್ಕಷ್ಟು ಆಹಾರ ಸೇವಿಸದಿದ್ದಲ್ಲಿ ಸಕ್ಕರೆ ಅಂಶ ಕುಸಿಯುತ್ತದೆ. ಇನ್ಸುಲಿನ್ ಸಾಲದೆ ಹೋದಲ್ಲಿ ಅಥವಾ ಸೋಂಕು ತಗುಲಿದಲ್ಲಿ ಸಕ್ಕರೆ ಅಂಶ ಏರುತ್ತದೆ. ಮೊದಲನೆಯದು ಕೆಲವೇ ನಿಮಿಷಗಳಲ್ಲಿ ಉಲ್ಬಣಗೊಳ್ಳಬಹುದು. ಎರಡನೆಯದು ಸಾಮಾನ್ಯವಾಗಿ ಹಲವು ಗಂಟೆಗಳಿಂದ ಹಲವು ದಿನಗಳ ಅವಧಿಯಲ್ಲಿ ಬೆಳೆಯುತ್ತದೆ.

2. ಸಕ್ಕರೆ ಅಂಶ ಕುಸಿಯುವುದು (ಹೈಪೋಗ್ಲೈಸೀಮಿಯಾ)

ಪ್ರತಿ 100 ಮಿ.ಲೀ. ರಕ್ತದಲ್ಲಿ ಗ್ಲೂಕೋಸ್ ಪ್ರಮಾಣವು 70 ಮಿ.ಗ್ರಾಂ.ಗಿಂತ ಕಡಿಮೆಯಾದಲ್ಲಿ ಅದನ್ನು ಎಚ್ಚರಿಕೆಯ ಮಟ್ಟವೆಂದೂ, 54 ಮಿ.ಗ್ರಾಂ.ಗಿಂತ ಕಡಿಮೆಯಾದಲ್ಲಿ ಗಂಭೀರ ಮಟ್ಟವೆಂದೂ ಪರಿಗಣಿಸಲಾಗುತ್ತದೆ. ಮಿದುಳು ತನ್ನಲ್ಲಿ ಗ್ಲೂಕೋಸನ್ನು ಹೆಚ್ಚಾಗಿ ಸಂಗ್ರಹಿಸಿಟ್ಟುಕೊಳ್ಳಲಾರದು. ಆದುದರಿಂದ ಪೂರೈಕೆ ಕಡಿಮೆಯಾದೊಡನೆ ಅದರ ಕಾರ್ಯವು ಏರುಪೇರಾಗುತ್ತದೆ.

ಮುಖ್ಯ ಕಾರಣಗಳು:

• ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು ಊಟವನ್ನು ಬಿಡುವುದು ಅಥವಾ ತಡಮಾಡುವುದು. ಪೂಜೆ, ವ್ರತ, ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸ ಹಾಗೂ ಮದುವೆ ಸಮಾರಂಭಗಳಲ್ಲಿ ಇದು ಹೆಚ್ಚಾಗಿ ಸಂಭವಿಸುತ್ತದೆ.
• ರೂಢಿಗಿಂತ ಹೆಚ್ಚಿನ ದೈಹಿಕ ಶ್ರಮ.
• ಔಷಧವನ್ನು ಮರೆತು ಎರಡು ಬಾರಿ ತೆಗೆದುಕೊಳ್ಳುವುದು.
• ಬರಿಹೊಟ್ಟೆಯಲ್ಲಿ ಮದ್ಯಪಾನ ಮಾಡುವುದು. ಮದ್ಯವು ಯಕೃತ್ತಿನಿಂದ ಗ್ಲೂಕೋಸ್ ಬಿಡುಗಡೆಯಾಗುವುದನ್ನು ತಡೆಯುವುದರಿಂದ ಹಲವು ಗಂಟೆಗಳ ನಂತರವೂ ಸಕ್ಕರೆ ಕುಸಿಯಬಹುದು.
• ಮೂತ್ರಪಿಂಡದ ಕಾಯಿಲೆ. ಇಂತಹವರಲ್ಲಿ ಔಷಧವು ದೇಹದಲ್ಲಿ ಹೆಚ್ಚು ಕಾಲ ಉಳಿಯುತ್ತದೆ.

ಲಕ್ಷಣಗಳು: ಪ್ರಾರಂಭದಲ್ಲಿ ಕೈ ನಡುಕ, ತಣ್ಣನೆಯ ಬೆವರು, ಎದೆಬಡಿತ, ವಿಪರೀತ ಹಸಿವು, ತಲೆಸುತ್ತು ಮತ್ತು ಕಣ್ಣು ಮಂಜಾಗುವುದು ಕಂಡುಬರುತ್ತದೆ. ಅನಂತರ ಮಾತು ತೊದಲುವುದು, ಕಾರಣವಿಲ್ಲದ ಸಿಟ್ಟು ಅಥವಾ ಅಳು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ, ತೂರಾಡುವ ನಡಿಗೆ, ಕೊನೆಗೆ ಫಿಟ್ಸ್ ಮತ್ತು ಪ್ರಜ್ಞಾಹೀನತೆ ಉಂಟಾಗುತ್ತವೆ.

ಈ ಲಕ್ಷಣಗಳನ್ನು ನೋಡುವವರು ರೋಗಿಯನ್ನು ಮದ್ಯಪಾನ ಮಾಡಿದವನೆಂದು ತಪ್ಪಾಗಿ ಭಾವಿಸುವ ಸಂಭವವಿರುತ್ತದೆ. ಬಸ್ಸಿನಿಂದ ಇಳಿಸಿಬಿಡುವುದು, ಗದರಿಸುವುದು, "ಮಲಗಿ ಎದ್ದರೆ ಸರಿಹೋಗುತ್ತದೆ" ಎಂದು ಒಂದು ಮೂಲೆಯಲ್ಲಿ ಮಲಗಿಸುವುದು ಇವು ಅಪಾಯಕಾರಿ. ನಿರ್ವಾಹಕರು, ಪೊಲೀಸ್ ಸಿಬ್ಬಂದಿ ಮತ್ತು ಶಿಕ್ಷಕರು ಈ ಅಂಶವನ್ನು ವಿಶೇಷವಾಗಿ ಗಮನದಲ್ಲಿಡತಕ್ಕದ್ದು. ಮದ್ಯದ ವಾಸನೆ ಇದ್ದರೂ ಸಹ ಸಕ್ಕರೆ ಕುಸಿದಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ಕೆಲವರಲ್ಲಿ ನಡುಕ, ಎದೆಬಡಿತದಂತಹ ಮುನ್ಸೂಚನೆಗಳು ಕಾಣಿಸದೆಯೇ ನೇರವಾಗಿ ಗೊಂದಲದ ಸ್ಥಿತಿ ಉಂಟಾಗುತ್ತದೆ. ಬಹಳ ವರ್ಷಗಳಿಂದ ಮಧುಮೇಹವಿರುವವರು, ವಯೋವೃದ್ಧರು ಹಾಗೂ ರಕ್ತದೊತ್ತಡಕ್ಕಾಗಿ ಬೀಟಾ ಬ್ಲಾಕರ್ ವರ್ಗದ ಮಾತ್ರೆ ಸೇವಿಸುವವರು ಈ ಗುಂಪಿಗೆ ಸೇರುತ್ತಾರೆ. ಕೆಲವೊಮ್ಮೆ ದೇಹದ ಒಂದು ಪಾರ್ಶ್ವದಲ್ಲಿ ಬಲಹೀನತೆ ಕಂಡುಬಂದು ಪಾರ್ಶ್ವವಾಯುವನ್ನು ಹೋಲುವುದೂ ಉಂಟು. ಆದುದರಿಂದ ಪಾರ್ಶ್ವವಾಯುವೆಂದು ಸಂಶಯವಿರುವವರಲ್ಲಿಯೂ ಸಕ್ಕರೆ ಪರೀಕ್ಷೆ ಅಗತ್ಯ. ಆದರೆ ಅದಕ್ಕಾಗಿ ಆಸ್ಪತ್ರೆಗೆ ಸಾಗಿಸುವುದನ್ನು ತಡಮಾಡಕೂಡದು.

3. ರೋಗಿಗೆ ಪ್ರಜ್ಞೆ ಇದ್ದು, ನುಂಗಲು ಶಕ್ತನಾಗಿದ್ದಲ್ಲಿ

ರೋಗಿಯನ್ನು ಕುಳ್ಳಿರಿಸಿ, ಬೇಗನೆ ರಕ್ತಗತವಾಗುವ ಸುಮಾರು 15 ಗ್ರಾಂ ಸಕ್ಕರೆಯನ್ನು ತಕ್ಷಣವೇ ಕೊಡಬೇಕು. ಈ ಕೆಳಕಂಡವುಗಳಲ್ಲಿ ಯಾವುದಾದರೂ ಒಂದು ಸಾಕಾಗುತ್ತದೆ:

• ಮೂರು ತುಂಬು ಟೀ ಚಮಚ ಗ್ಲೂಕೋಸ್ ಪುಡಿ, ನೀರಿನಲ್ಲಿ ಕರಗಿಸಿದ್ದು
• ಮೂರರಿಂದ ನಾಲ್ಕು ಟೀ ಚಮಚ ಸಕ್ಕರೆ, ನೀರಿನಲ್ಲಿ ಕರಗಿಸಿದ್ದು
• ಅರ್ಧ ಲೋಟದಿಂದ ಮುಕ್ಕಾಲು ಲೋಟ ಸಿಹಿ ಹಣ್ಣಿನ ರಸ ಅಥವಾ ಸಾಮಾನ್ಯ ತಂಪು ಪಾನೀಯ
• ಒಂದು ದೊಡ್ಡ ಚಮಚ ಜೇನುತುಪ್ಪ
• ಸಣ್ಣ ನೆಲ್ಲಿಕಾಯಿ ಗಾತ್ರದ ಬೆಲ್ಲ, ಪುಡಿಮಾಡಿ ನೀರಿನಲ್ಲಿ ಕದಡಿದ್ದು

ಮಕ್ಕಳಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ 0.3 ಗ್ರಾಂ ಗ್ಲೂಕೋಸ್ ಸಾಕು. 30 ಕಿಲೋಗ್ರಾಂ ತೂಕದ ಮಗುವಿಗೆ ಇದು ಸುಮಾರು 9 ಗ್ರಾಂ, ಅಂದರೆ ಎರಡು ಟೀ ಚಮಚದಷ್ಟಾಗುತ್ತದೆ. ಒಂದು ವರ್ಷದೊಳಗಿನ ಶಿಶುಗಳಿಗೆ ಜೇನುತುಪ್ಪ ಕೊಡಕೂಡದು.

15 ನಿಮಿಷಗಳ ನಂತರ ಮತ್ತೊಮ್ಮೆ ಪರೀಕ್ಷಿಸಬೇಕು. ಸಕ್ಕರೆ ಅಂಶ 70ಕ್ಕಿಂತ ಕಡಿಮೆಯೇ ಇದ್ದಲ್ಲಿ ಅಥವಾ ಲಕ್ಷಣಗಳು ಕಡಿಮೆಯಾಗದಿದ್ದಲ್ಲಿ ಅಷ್ಟೇ ಪ್ರಮಾಣವನ್ನು ಪುನಃ ಕೊಡಬೇಕು. ಎರಡನೆಯ ಬಾರಿಯೂ ಚೇತರಿಕೆ ಕಾಣದಿದ್ದಲ್ಲಿ 108ಕ್ಕೆ ಕರೆ ಮಾಡುವುದು. ರೋಗಿಯ ಗೊಂದಲ ಹೆಚ್ಚುತ್ತಿದ್ದಲ್ಲಿ 15 ನಿಮಿಷ ಕಾಯದೆ ಕೂಡಲೇ ಕರೆ ಮಾಡುವುದು.

ಈ ಸಂದರ್ಭದಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು:

• ಓ.ಆರ್.ಎಸ್. ಪುಡಿ ಮತ್ತು ಗ್ಲೂಕೋಸ್ ಪುಡಿ ಒಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಿಸಿದ ಒಂದು ಲೀಟರ್ ಓ.ಆರ್.ಎಸ್. ದ್ರಾವಣದಲ್ಲಿ ಕೇವಲ 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಒಂದು ಲೋಟದಲ್ಲಿ ಮೂರು ಗ್ರಾಂ ಸಹ ದೊರೆಯುವುದಿಲ್ಲ.
• 'ಡಯಟ್' ಅಥವಾ ಸಕ್ಕರೆರಹಿತ ಪಾನೀಯಗಳು ನಿರುಪಯೋಗಿ.
• ಚಾಕೊಲೇಟ್, ಮೈಸೂರು ಪಾಕ್, ಲಾಡುವಿನಂತಹ ಕೊಬ್ಬಿನ ಅಂಶವಿರುವ ಸಿಹಿತಿನಿಸುಗಳಿಂದ ಸಕ್ಕರೆ ನಿಧಾನವಾಗಿ ಏರುತ್ತದೆ. ಬೇರೇನೂ ದೊರೆಯದಿದ್ದಾಗ ಮಾತ್ರ ಅವುಗಳನ್ನು ಬಳಸಬೇಕು.
• ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಮಾತ್ರೆ ಸೇವಿಸುವವರಲ್ಲಿ ಅಡುಗೆ ಸಕ್ಕರೆ ಮತ್ತು ಬೆಲ್ಲ ನಿಧಾನವಾಗಿ ಜೀರ್ಣವಾಗುತ್ತವೆ. ಇಂತಹವರಿಗೆ ಗ್ಲೂಕೋಸ್ ಪುಡಿಯೇ ಸೂಕ್ತ. ಅದು ದೊರೆಯದಿದ್ದಲ್ಲಿ ಜೇನುತುಪ್ಪ ಕೊಡಬಹುದು.

4. ರೋಗಿಗೆ ಪ್ರಜ್ಞೆ ಇಲ್ಲದಿದ್ದಲ್ಲಿ ಅಥವಾ ನುಂಗಲಾಗದಿದ್ದಲ್ಲಿ

ಬಾಯಿಗೆ ಏನನ್ನೂ ಹಾಕಕೂಡದು. ಸಕ್ಕರೆ ನೀರಾಗಲಿ, ಬರಿ ನೀರಾಗಲಿ, ತೀರ್ಥವಾಗಲಿ ಹಾಕಿದಲ್ಲಿ ಅದು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಬಹುದು. ಅನುಸರಿಸಬೇಕಾದ ಕ್ರಮಗಳು ಇಂತಿವೆ:

(ಅ) ಕೂಡಲೇ 108ಕ್ಕೆ ಕರೆ ಮಾಡುವುದು.

(ಆ) ಸರಿಯಾಗಿ ಉಸಿರಾಡುತ್ತಿದ್ದಲ್ಲಿ ರೋಗಿಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಮಲಗಿಸುವುದು. ಇದರಿಂದ ನಾಲಿಗೆ ಹಿಂದಕ್ಕೆ ಜಾರುವುದಿಲ್ಲ ಹಾಗೂ ವಾಂತಿಯಾದಲ್ಲಿ ಹೊರಗೆ ಹರಿದುಹೋಗುತ್ತದೆ.

(ಇ) ಬಿಗಿಯಾದ ಉಡುಪನ್ನು ಸಡಿಲಿಸಿ, ಸುತ್ತ ಜನ ಸೇರದಂತೆ ನೋಡಿಕೊಳ್ಳುವುದು.

(ಈ) ಫಿಟ್ಸ್ ಬಂದಲ್ಲಿ ಕೈಕಾಲುಗಳನ್ನು ಅದುಮಿ ಹಿಡಿಯಕೂಡದು. ಹಲ್ಲುಗಳ ನಡುವೆ ಚಮಚ ಇಡಕೂಡದು. ಕೈಗೆ ಕಬ್ಬಿಣದ ಬೀಗದಕೈ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಯಾವ ಪ್ರಯೋಜನವೂ ಇಲ್ಲ. ಸಮಯ ಮಾತ್ರ ವ್ಯರ್ಥವಾಗುತ್ತದೆ.

(ಉ) ಉಸಿರಾಟ ನಿಂತಿದ್ದಲ್ಲಿ ಅಥವಾ ಏದುಸಿರಿನಂತೆ ಅಪರೂಪಕ್ಕೊಮ್ಮೆ ಬರುತ್ತಿದ್ದಲ್ಲಿ, ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿಯಂತೆ ಬಲವಾಗಿ ಒತ್ತಲು ಪ್ರಾರಂಭಿಸುವುದು. ದೂರವಾಣಿಯಲ್ಲಿ ಸಿಬ್ಬಂದಿ ನೀಡುವ ಸೂಚನೆಗಳನ್ನು ಪಾಲಿಸುವುದು.

(ಊ) ಮನೆಯಲ್ಲಿ ಗ್ಲೂಕಗಾನ್ ಚುಚ್ಚುಮದ್ದು ಇದ್ದು, ಅದನ್ನು ಕೊಡುವ ಕ್ರಮವನ್ನು ವೈದ್ಯರಿಂದ ಕಲಿತವರಿದ್ದಲ್ಲಿ ಅದನ್ನು ಕೊಡಬಹುದು. ವಯಸ್ಕರಿಗೆ 1 ಮಿ.ಗ್ರಾಂ., 25 ಕಿಲೋಗ್ರಾಂಗಿಂತ ಕಡಿಮೆ ತೂಕದ ಮಕ್ಕಳಿಗೆ 0.5 ಮಿ.ಗ್ರಾಂ. ನಿಗದಿತ ಪ್ರಮಾಣವಾಗಿರುತ್ತದೆ.

5. ಸಕ್ಕರೆ ಅಂಶ ವಿಪರೀತವಾಗಿ ಏರುವುದು

ಇದರಲ್ಲಿ ಎರಡು ವಿಧಗಳಿವೆ.

ಕೀಟೋಅಸಿಡೋಸಿಸ್: ಇನ್ಸುಲಿನ್ ತೀರಾ ಕಡಿಮೆಯಾದಾಗ ದೇಹವು ಗ್ಲೂಕೋಸಿನ ಬದಲು ಕೊಬ್ಬನ್ನು ಕರಗಿಸತೊಡಗುತ್ತದೆ. ಇದರಿಂದ ಕೀಟೋನ್ ಎಂಬ ಆಮ್ಲೀಯ ವಸ್ತುಗಳು ರಕ್ತದಲ್ಲಿ ಶೇಖರಗೊಳ್ಳುತ್ತವೆ. ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ವಾಕರಿಕೆ ಮತ್ತು ವಾಂತಿ, ಹೊಟ್ಟೆನೋವು, ದೀರ್ಘವಾದ ವೇಗದ ಉಸಿರಾಟ, ಉಸಿರಿನಲ್ಲಿ ಕೊಳೆತ ಹಣ್ಣಿನಂತಹ ವಾಸನೆ ಹಾಗೂ ಮಂಪರು ಇದರ ಲಕ್ಷಣಗಳು. ಮೊದಲನೆಯ ವಿಧದ ಮಧುಮೇಹವಿರುವ ಮಕ್ಕಳು ಮತ್ತು ಯುವಜನರಲ್ಲಿ ಇದು ಹೆಚ್ಚು.

ಅನೇಕ ಮಕ್ಕಳಲ್ಲಿ ಮಧುಮೇಹವಿರುವುದು ಬೆಳಕಿಗೆ ಬರುವುದೇ ಈ ಸ್ಥಿತಿಯಿಂದ. ಹಾಸಿಗೆಯಲ್ಲಿ ಮೂತ್ರ ಮಾಡುವುದನ್ನು ಬಿಟ್ಟಿದ್ದ ಮಗು ಪುನಃ ಮಾಡತೊಡಗುವುದು, ಚೆನ್ನಾಗಿ ಉಂಡರೂ ತೂಕ ಇಳಿಯುವುದು, ರಾತ್ರಿ ಎದ್ದೆದ್ದು ನೀರು ಕುಡಿಯುವುದು, ಮೂತ್ರಕ್ಕೆ ಇರುವೆ ಮುತ್ತುವುದು ಕಂಡುಬಂದಲ್ಲಿ ಅದೇ ದಿನ ಸಕ್ಕರೆ ಪರೀಕ್ಷೆ ಮಾಡಿಸತಕ್ಕದ್ದು. ಇಂತಹ ಮಗುವಿನ ಹೊಟ್ಟೆನೋವನ್ನು ಜಂತುಹುಳುವಿನ ಬಾಧೆಯೆಂದೂ, ಏದುಸಿರನ್ನು ಉಬ್ಬಸವೆಂದೂ ಭಾವಿಸಿ ದಿನ ಕಳೆದಲ್ಲಿ ಪ್ರಾಣಕ್ಕೆ ಅಪಾಯ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾದ ಮಾತ್ರೆಗಳನ್ನು ಸೇವಿಸುವವರಲ್ಲಿ ಸಕ್ಕರೆ ಅಂಶ ಹೆಚ್ಚು ಏರದೆಯೂ ಕೀಟೋಅಸಿಡೋಸಿಸ್ ಉಂಟಾಗಬಹುದು. ಇವರಿಗೆ ಸತತ ವಾಂತಿ, ಹೊಟ್ಟೆನೋವು ಅಥವಾ ಏದುಸಿರು ಇದ್ದಲ್ಲಿ, ಗ್ಲೂಕೋಮೀಟರ್ ಸಾಧಾರಣ ಅಂಕಿ ತೋರಿಸಿದರೂ ಆಸ್ಪತ್ರೆಗೆ ಹೋಗಲೇಬೇಕು.

ಅತಿ ಸಕ್ಕರೆಯಿಂದಾಗುವ ನಿರ್ಜಲೀಕರಣ ಸ್ಥಿತಿ: ಇದು ಬಹುತೇಕ ವಯೋವೃದ್ಧರಲ್ಲಿ, ಸೋಂಕು ಅಥವಾ ಇತರ ಕಾಯಿಲೆಯ ಸಂದರ್ಭದಲ್ಲಿ, ಹಲವು ದಿನಗಳ ಅವಧಿಯಲ್ಲಿ ಉಂಟಾಗುತ್ತದೆ. ಸಕ್ಕರೆ ಅಂಶವು ಸಾಮಾನ್ಯವಾಗಿ 600 ಮಿ.ಗ್ರಾಂ. ದಾಟಿರುತ್ತದೆ. ಒಣಗಿದ ನಾಲಿಗೆ, ಗುಳಿಬಿದ್ದ ಕಣ್ಣು, ಅತಿಯಾದ ನಿತ್ರಾಣ ಮತ್ತು ಮಂಪರು ಮುಖ್ಯ ಲಕ್ಷಣಗಳು. "ವಯಸ್ಸಾಗಿದೆ, ನಿದ್ದೆ ಹೆಚ್ಚಾಗಿದೆ" ಎಂದು ಮನೆಯವರು ಸುಮ್ಮನಿರುವ ಸಂಭವ ಇಲ್ಲಿ ಹೆಚ್ಚು.

ಪ್ರಥಮ ಚಿಕಿತ್ಸೆ: ಈ ಎರಡೂ ಸ್ಥಿತಿಗಳಿಗೆ ಮನೆಯಲ್ಲಿ ಸಂಪೂರ್ಣ ಚಿಕಿತ್ಸೆ ಸಾಧ್ಯವಿಲ್ಲ. ಎಚ್ಚರವಿದ್ದು ನುಂಗಬಲ್ಲವರಿಗೆ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಸುತ್ತ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು. ನೆರವಿಗೆ ಬಂದವರು ತಾವಾಗಿಯೇ ಇನ್ಸುಲಿನ್ ಚುಚ್ಚಕೂಡದು. ಇನ್ಸುಲಿನ್ ರಕ್ತದ ಪೊಟ್ಯಾಸಿಯಂ ಅಂಶವನ್ನೂ ಇಳಿಸುವುದರಿಂದ ಹೃದಯದ ಬಡಿತಕ್ಕೆ ತೊಂದರೆಯಾಗಬಹುದು. ಆದ ಕಾರಣ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿ, ಡ್ರಿಪ್ ಮೂಲಕ ದ್ರವ ನೀಡುತ್ತ ಇನ್ಸುಲಿನ್ ಕೊಡಲಾಗುತ್ತದೆ.

6. ಎರಡು ಸ್ಥಿತಿಗಳ ನಡುವಣ ವ್ಯತ್ಯಾಸ

• ಪ್ರಾರಂಭ: ಸಕ್ಕರೆ ಕುಸಿದಾಗ ಕೆಲವು ನಿಮಿಷಗಳಲ್ಲಿ, ಏರಿದಾಗ ಹಲವು ಗಂಟೆ ಅಥವಾ ದಿನಗಳಲ್ಲಿ.
• ಚರ್ಮ: ಕುಸಿದಾಗ ತಣ್ಣಗೆ, ಬೆವರಿನಿಂದ ಒದ್ದೆ, ಏರಿದಾಗ ಒಣಗಿರುತ್ತದೆ.
• ಉಸಿರಾಟ: ಕುಸಿದಾಗ ಬಹುತೇಕ ಸಹಜ, ಕೀಟೋಅಸಿಡೋಸಿಸ್‌ನಲ್ಲಿ ದೀರ್ಘ ಹಾಗೂ ವೇಗ.
• ಹಸಿವು, ಬಾಯಾರಿಕೆ: ಕುಸಿದಾಗ ಹಸಿವು, ಏರಿದಾಗ ಬಾಯಾರಿಕೆ.
• ಹಿನ್ನೆಲೆ: ಕುಸಿದಾಗ ಸಾಮಾನ್ಯವಾಗಿ ಔಷಧ ತೆಗೆದುಕೊಂಡು ಊಟ ಬಿಟ್ಟಿರುತ್ತಾರೆ, ಏರಿದಾಗ ಔಷಧ ಬಿಟ್ಟಿರುತ್ತಾರೆ ಅಥವಾ ಜ್ವರ, ಸೋಂಕು ಇರುತ್ತದೆ.

ಗ್ಲೂಕೋಮೀಟರ್ ಲಭ್ಯವಿದ್ದಲ್ಲಿ ರೋಗಿಯ ಬೆರಳನ್ನು ನೀರಿನಿಂದ ತೊಳೆದು ಒರೆಸಿ ಪರೀಕ್ಷಿಸಬೇಕು. ಬೆರಳಿಗೆ ಹಣ್ಣು ಅಥವಾ ಸಿಹಿ ಅಂಟಿದ್ದಲ್ಲಿ ಅಂಕಿಯು ಸುಳ್ಳಾಗಿ ಹೆಚ್ಚು ತೋರುತ್ತದೆ. ಅಂಕಿಯ ಬದಲು 'ಲೋ' ಅಥವಾ 'ಹೈ' ಎಂಬ ಅಕ್ಷರ ಕಾಣಿಸಿದಲ್ಲಿ ಅದು ಯಂತ್ರದ ದೋಷವಲ್ಲ. ಸಕ್ಕರೆಯು ಯಂತ್ರದ ಅಳತೆಯ ಮಿತಿಗಿಂತ ಕೆಳಗೆ ಅಥವಾ ಮೇಲೆ ಇದೆಯೆಂದು ಅದರ ಅರ್ಥ. ಎರಡೂ ತುರ್ತು ಸ್ಥಿತಿಗಳೇ.

7. ಸಂಶಯವಿದ್ದಲ್ಲಿ ಏನು ಮಾಡಬೇಕು?

ಗ್ಲೂಕೋಮೀಟರ್ ಇಲ್ಲದೆ, ಸಕ್ಕರೆ ಕುಸಿದಿದೆಯೋ ಏರಿದೆಯೋ ಎಂದು ತಿಳಿಯದಿದ್ದಲ್ಲಿ, ರೋಗಿಯು ನುಂಗಬಲ್ಲ ಸ್ಥಿತಿಯಲ್ಲಿದ್ದರೆ ಸಕ್ಕರೆ ಕೊಡುವುದೇ ಸರಿಯಾದ ಕ್ರಮ. ಸಕ್ಕರೆ 400 ಇರುವವರಿಗೆ ಮೂರು ಚಮಚ ಸಕ್ಕರೆ ಕೊಟ್ಟದ್ದರಿಂದ ಆಸ್ಪತ್ರೆ ತಲುಪುವಷ್ಟರಲ್ಲಿ ಹೇಳಿಕೊಳ್ಳುವಂತಹ ಹಾನಿ ಆಗುವುದಿಲ್ಲ. ಆದರೆ ಸಕ್ಕರೆ 40ಕ್ಕೆ ಇಳಿದಿರುವವರಿಗೆ ಕೊಡದೆ ಹೋದಲ್ಲಿ ಮಿದುಳಿಗೆ ಶಾಶ್ವತ ಹಾನಿ ಅಥವಾ ಸಾವು ಸಂಭವಿಸಬಹುದು. ಸಕ್ಕರೆ ಕುಸಿದಿರುವವರಿಗೆ, ಏರಿದೆಯೆಂದು ಊಹಿಸಿ ಇನ್ಸುಲಿನ್ ಕೊಡುವುದು ಪ್ರಾಣಾಂತಿಕ.

ಮಧುಮೇಹಿಗಳಲ್ಲಿ ಹೃದಯಾಘಾತವು ಎದೆನೋವಿಲ್ಲದೆಯೂ ಬರಬಹುದು. ಸಕ್ಕರೆ ಅಂಶ ಸರಿಯಾಗಿದ್ದೂ ಬೆವರು, ಉಸಿರಾಟದ ತೊಂದರೆ, ಹಠಾತ್ ನಿತ್ರಾಣ ಇದ್ದಲ್ಲಿ ವಿಳಂಬ ಮಾಡದೆ 108ಕ್ಕೆ ಕರೆ ಮಾಡತಕ್ಕದ್ದು.

8. 108 ಆಂಬ್ಯುಲೆನ್ಸ್ ಸೇವೆ

ಕರ್ನಾಟಕ ರಾಜ್ಯದಲ್ಲಿ 'ಆರೋಗ್ಯ ಕವಚ' 108 ಸೇವೆಯು ದಿನಾಂಕ 1-11-2008ರಂದು ಪ್ರಾರಂಭಗೊಂಡಿತು. ಕರೆ ಹಾಗೂ ಸೇವೆ ಉಚಿತ. ಕರೆ ಮಾಡುವವರು ಈ ಕೆಳಕಂಡ ವಿವರಗಳನ್ನು ತಿಳಿಸಬೇಕು:

• ಸ್ಥಳ, ಸಮೀಪದ ಗುರುತು, ತಾಲ್ಲೂಕು
• ರೋಗಿಗೆ ಮಧುಮೇಹ ಇರುವ ವಿಷಯ
• ಪ್ರಜ್ಞೆ ಇದೆಯೇ, ಉಸಿರಾಟ ಸರಿಯಾಗಿದೆಯೇ
• ಪರೀಕ್ಷಿಸಿದ್ದಲ್ಲಿ ಸಕ್ಕರೆಯ ಅಂಕಿ
• ಕೊನೆಯ ಊಟ ಹಾಗೂ ಕೊನೆಯ ಔಷಧದ ಸಮಯ

ರೋಗಿಯ ಮಾತ್ರೆಗಳ ಪಟ್ಟಿ, ಇನ್ಸುಲಿನ್ ಸೀಸೆ ಮತ್ತು ವೈದ್ಯರ ಚೀಟಿಯನ್ನು ಜೊತೆಯಲ್ಲಿ ಕಳುಹಿಸಬೇಕು. ಮಾತ್ರೆ ಯಾವುದೆಂದು ತಿಳಿದಲ್ಲಿ ಚಿಕಿತ್ಸೆಯ ಅವಧಿಯನ್ನು ವೈದ್ಯರು ನಿರ್ಧರಿಸಲು ಅನುಕೂಲವಾಗುತ್ತದೆ. ಪ್ರಜ್ಞೆ ಇಲ್ಲದ ರೋಗಿಗೆ ತರಬೇತಿ ಪಡೆದ ಸಿಬ್ಬಂದಿಯು ರಕ್ತನಾಳದ ಮೂಲಕ ಡೆಕ್ಸ್ಟ್ರೋಸ್ ದ್ರಾವಣವನ್ನು ನೀಡುತ್ತಾರೆ. ಶೇಕಡ 25ರ ಡೆಕ್ಸ್ಟ್ರೋಸ್ 100 ಮಿ.ಲೀ.ನಲ್ಲಿ 25 ಗ್ರಾಂ ಗ್ಲೂಕೋಸ್ ಇರುತ್ತದೆ. ಬಹುತೇಕ ರೋಗಿಗಳು ಇದರಿಂದ ಕೆಲವೇ ನಿಮಿಷಗಳಲ್ಲಿ ಕಣ್ತೆರೆಯುತ್ತಾರೆ.

9. ಚೇತರಿಕೆಯ ನಂತರ

ರೋಗಿಯು ಎದ್ದು ಮಾತನಾಡಿದೊಡನೆ ಅಪಾಯ ಮುಗಿಯಿತೆಂದು ಭಾವಿಸಿ ಆಸ್ಪತ್ರೆಗೆ ಹೋಗಲು ನಿರಾಕರಿಸುವುದು ಸರಿಯಲ್ಲ. ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್ ಮುಂತಾದ ಮಾತ್ರೆಗಳು ಹಾಗೂ ದೀರ್ಘಾವಧಿ ಇನ್ಸುಲಿನ್ ದೇಹದಲ್ಲಿ ಬಹಳ ಹೊತ್ತು ಕೆಲಸ ಮಾಡುತ್ತಲೇ ಇರುತ್ತವೆ. ಕೊಟ್ಟ ಸಕ್ಕರೆ ಖರ್ಚಾದ ಮೇಲೆ ಪುನಃ ಕುಸಿತ ಉಂಟಾಗಬಹುದು. ಸಂಜೆ ಚೇತರಿಸಿಕೊಂಡವರು ರಾತ್ರಿ ನಿದ್ದೆಯಲ್ಲಿಯೇ ಪ್ರಜ್ಞೆ ಕಳೆದುಕೊಳ್ಳುವುದು ಈ ಕಾರಣದಿಂದ. ಇಂತಹವರನ್ನು, ಮುಖ್ಯವಾಗಿ ವಯೋವೃದ್ಧರನ್ನು ಮತ್ತು ಮೂತ್ರಪಿಂಡದ ಕಾಯಿಲೆ ಇರುವವರನ್ನು, 24 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಆಸ್ಪತ್ರೆಯಲ್ಲಿ ನಿಗಾದಲ್ಲಿ ಇರಿಸಬೇಕಾಗಬಹುದು.

ಲಘು ಕುಸಿತದಿಂದ ಚೇತರಿಸಿಕೊಂಡವರು ಮುಂದಿನ ಊಟ ತಡವಿದ್ದಲ್ಲಿ ಎರಡು ಇಡ್ಲಿ, ಚಪಾತಿ ಅಥವಾ ಬಿಸ್ಕತ್ತು ಮತ್ತು ಹಾಲನ್ನು ಸೇವಿಸತಕ್ಕದ್ದು. ಸಕ್ಕರೆ ಅಂಶ ಸಹಜ ಸ್ಥಿತಿಗೆ ಬಂದು ಕನಿಷ್ಠ 45 ನಿಮಿಷ ಕಳೆಯುವವರೆಗೆ ವಾಹನ ಚಲಾಯಿಸಕೂಡದು. ಕುಸಿತಕ್ಕೆ ಕಾರಣವೇನೆಂಬುದನ್ನು ವೈದ್ಯರಲ್ಲಿ ವಿಚಾರಿಸಿ ಔಷಧದ ಪ್ರಮಾಣವನ್ನು ಸರಿಪಡಿಸಿಕೊಳ್ಳಬೇಕು. ಸ್ವಂತ ತೀರ್ಮಾನದಿಂದ ಔಷಧ ನಿಲ್ಲಿಸಕೂಡದು.

10. ಮಧುಮೇಹಿಗಳು ಮತ್ತು ಕುಟುಂಬದವರು ಪಾಲಿಸಬೇಕಾದ ಮುನ್ನೆಚ್ಚರಿಕೆ

• ಜೇಬಿನಲ್ಲಿ ಅಥವಾ ಕೈಚೀಲದಲ್ಲಿ ಸದಾ ಗ್ಲೂಕೋಸ್ ಪುಡಿ ಇಲ್ಲವೇ ಸಕ್ಕರೆಯ ಪೊಟ್ಟಣ ಇಟ್ಟುಕೊಳ್ಳುವುದು.
• ಕಾಯಿಲೆ, ಔಷಧ ಮತ್ತು ಮನೆಯವರ ದೂರವಾಣಿ ಸಂಖ್ಯೆ ಬರೆದ ಚೀಟಿಯನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದು.
• ಉಪವಾಸ ಆಚರಿಸುವ ಮುನ್ನ ವೈದ್ಯರೊಡನೆ ಸಮಾಲೋಚಿಸಿ ಔಷಧದ ಪ್ರಮಾಣ ನಿಗದಿಪಡಿಸಿಕೊಳ್ಳುವುದು. ಸಕ್ಕರೆ 70ಕ್ಕಿಂತ ಕೆಳಗಿಳಿದಲ್ಲಿ ಅಥವಾ 300 ದಾಟಿದಲ್ಲಿ ಉಪವಾಸವನ್ನು ಕೂಡಲೇ ಕೈಬಿಡುವುದು.
• ಜ್ವರ, ವಾಂತಿ ಇದ್ದು ಊಟ ಸೇರದಿದ್ದರೂ ಇನ್ಸುಲಿನ್ ಪೂರ್ಣವಾಗಿ ನಿಲ್ಲಿಸದಿರುವುದು. ಪ್ರಮಾಣವನ್ನು ವೈದ್ಯರಲ್ಲಿ ಕೇಳಿ ತಿಳಿಯುವುದು.
• ಮಧುಮೇಹವಿರುವ ಮಗುವಿನ ಶಾಲೆಗೆ ಲಿಖಿತವಾಗಿ ತಿಳಿಸಿ, ತರಗತಿಯಲ್ಲಿ ಗ್ಲೂಕೋಸ್ ಪುಡಿ ಇರಿಸುವುದು. ಮಗು ಸುಸ್ತಾಗಿದೆಯೆಂದಲ್ಲಿ ಒಂಟಿಯಾಗಿ ಮನೆಗೆ ಕಳುಹಿಸಕೂಡದೆಂದು ಶಿಕ್ಷಕರಿಗೆ ತಿಳಿಹೇಳುವುದು.

ಸಾರಾಂಶ

ಮಧುಮೇಹಿಯು ಇದ್ದಕ್ಕಿದ್ದಂತೆ ಬೆವರಿ, ತೊದಲಿ, ವಿಚಿತ್ರವಾಗಿ ವರ್ತಿಸಿದಲ್ಲಿ ಸಕ್ಕರೆ ಕುಸಿದಿದೆಯೆಂದೇ ಮೊದಲು ಭಾವಿಸಬೇಕು. ನುಂಗಬಲ್ಲವರಿಗೆ ತಕ್ಷಣ ಸಕ್ಕರೆ. ನುಂಗಲಾಗದವರ ಬಾಯಿಗೆ ಏನೂ ಇಲ್ಲ, ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ. ಸಂಶಯದಲ್ಲಿ ಇನ್ಸುಲಿನ್ ಕೂಡದು. ಅಡುಗೆಮನೆಯ ಸಕ್ಕರೆ ಡಬ್ಬಿಯಿಂದ ತೆಗೆದ ಮೂರು ಚಮಚ ಸಕ್ಕರೆಯು ಸಕಾಲದಲ್ಲಿ ಒಂದು ಜೀವವನ್ನು ಉಳಿಸಬಲ್ಲದು. ಸಾರ್ವಜನಿಕರು ಈ ಮಾಹಿತಿಯನ್ನು ಮನೆಮಂದಿಗೆಲ್ಲ, ಮಕ್ಕಳಿಗೂ ಸಹ, ತಿಳಿಸಿ ಇದರ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.